ಎರಡು ಹೆಜ್ಜೆ ಎಡಕ್ಕೆ

ಭಾನುವಾರ ದಾವಲಸಾಬ ಶಟರನ್ನು ಅರ್ಧವೇ ಎತ್ತುತ್ತಾನೆ.
ಅವತ್ತು ಯಾರ ಅಂಗಿಯನ್ನೂ ಹೊಲಿಯುವುದಿಲ್ಲ.
ಬಾಗಲಕೋಟೆ ನವನಗರದ ಆ ಸಣ್ಣ ಅಂಗಡಿಯಲ್ಲಿ
ಬಟ್ಟೆ ಕತ್ತರಿಸುವ ಮೇಜಿನ ಚಿಂದಿ ಗುಡಿಸಿ
ನಾವು ಆರು ಮಂದಿ ಫೋಟೊ ಹರವುತ್ತೇವೆ,
ಒಳಬಟ್ಟೆ ಒಣಹಾಕುವವರ ಹಾಗೆ
ಆಚೀಚೆ ನೋಡುತ್ತ.

ಮೊದಲ ಮಾತು ಯಾವಾಗಲೂ ಅದೇ:
'ಚಲೋ ಐತ್ರಿ.'
ಕೇಳಿಸಿಕೊಂಡವನು ಫೋಟೊ ಚೀಲಕ್ಕೆ ಹಾಕಿಕೊಂಡು
ಚಹಾ ಕುಡಿದು ಮನೆಗೆ ಹೋಗುತ್ತಾನೆ,
ಬರುವಾಗ ತಿಳಿದಿದ್ದಷ್ಟನ್ನೇ ತಿಳಿದುಕೊಂಡು.

ಬ್ಯಾಂಕಿನ ಚನ್ನಬಸು ಅನಗವಾಡಿ
ಹೆರಕಲ್ಲಿನ ಹಿನ್ನೀರಲ್ಲಿ ಸೊಂಟಮಟ ನಿಂತು ತಂದದ್ದು
ಒಂದು ಫ್ಲೆಮಿಂಗೊ. ಗರಿ ಎಣಿಸಬಹುದು.
ದಾವಲಸಾಬ ಕೊರಳ ಅಳತೆಪಟ್ಟಿ ತೆಗೆಯದೆ ಬಗ್ಗಿ ನೋಡಿದ:
'ಹಕ್ಕಿ ಬಂದೈತಿ, ನೀರು ಬಂದಿಲ್ಲ.
ಮೈಗೆ ಭಾಳ ಬಿಗಿ ಹೊಲದೀರಿ ಸಾಹೇಬ್ರ,
ಒಂದೀಟು ಸಡಲ ಬಿಡ್ರಿ.'
ಚನ್ನಬಸು ನಕ್ಕ. ಆಮೇಲೆ ನಗಲಿಲ್ಲ.
ಆಮೇಲೆ ಸೀಮೆಸುಣ್ಣ ಇಸಕೊಂಡು
ಫೋಟೊದ ಹೊರಗೆ, ಮೇಜಿನ ಮೇಲೆ,
ಬಿಟ್ಟುಬಂದ ನೀರಿಗೆ ಒಂದು ಗೆರೆ ಎಳೆದ.

ನಾನು ಎಕ್ಸ್‌ರೇ ತೆಗೆಯುವವನು.
ಅಂಚಿನಿಂದ ಒಳಕ್ಕೆ ನೋಡುವುದು ರೂಢಿ.
ತಪ್ಪು ಬೇಗ ಕಾಣುತ್ತದೆ; ಬೇಗ ಹೇಳಿಬಿಡುವುದನ್ನು
ಬಹಳ ವರ್ಷ ಜಾಣತನವೆಂದುಕೊಂಡಿದ್ದೆ.

ಗುಳೇದಗುಡ್ಡದ ಸಾವಂತ್ರಿ ತಂದದ್ದು ಒಂದೇ ಚಿತ್ರ,
ಫೋನಿನಲ್ಲಿ ತೆಗೆದು ಬಸ್‌ಸ್ಟ್ಯಾಂಡಿನ ಎದುರು ಪ್ರಿಂಟು ಹಾಕಿಸಿದ್ದು:
ಅವ್ವ ಕಂಡಿಕಿಗೆ ನೂಲು ಸುತ್ತುತ್ತಿದ್ದಾಳೆ,
ಕಿಟಕಿಯ ಬೆಳಕು ಅರ್ಧ ಮುಖ ತಿಂದಿದೆ.
'ಎರಡು ಹೆಜ್ಜಿ ಎಡಕ್ಕ ಸರದಿದ್ರ
ಕಿಟಕಿ ಹೊರಗ ಹೋಗತಿತ್ತು,' ಎಂದೆ.
ಅವಳು ದುಪಟ್ಟಾದ ತುದಿ ತಿರುವುತ್ತ,
'ಎಡಕ್ಕ ಮಗ್ಗದ ತೆಗ್ಗು ಐತ್ರಿ ಸರ.
ಸರದಿದ್ರ ಅಪ್ಪನ ತೊಡಿಮ್ಯಾಲೆ ಬೀಳತಿದ್ದೆ.'

ಎಲ್ಲರೂ ನಕ್ಕರು. ಚಹಾ ಬಂತು.
ನಾನು ಲೋಟ ಹಿಡಿದು
ಚಿತ್ರದಲ್ಲಿಲ್ಲದ ಆ ತೆಗ್ಗನ್ನೇ ನೋಡುತ್ತಿದ್ದೆ.
ಎಷ್ಟು ಜನರಿಗೆ ಹೇಳಿದ್ದೇನೆ
ಸರಿ, ಬಗ್ಗು, ಹತ್ತಿರ ಹೋಗು, ಹಿಂದಕ್ಕೆ ಬಾ,
ಅವರ ಕಾಲಬುಡದಲ್ಲಿ ಏನಿತ್ತೆಂದು ಕೇಳದೆ.
ಕಲಾದಗಿಯಿಂದ ಒಬ್ಬ ಹುಡುಗ ಬರುತ್ತಿದ್ದ.
'ಫೋಕಸ್ಸೇ ಇಲ್ಲಲ್ಲೋ' ಎಂದೆ ಒಮ್ಮೆ; ಮತ್ತೆ ಬರಲಿಲ್ಲ.
ಅವನ ಹೆಸರು ಬಾಯಿಗೆ ಬರುತ್ತಿಲ್ಲ.
ಚಿತ್ರ ಬರುತ್ತದೆ: ಹೊಳೆದಂಡೆ, ಮಬ್ಬು,
ಓಡುತ್ತಿರುವ ಏನೋ ಒಂದು, ಕತ್ತೆಯಿರಬೇಕು.

ಮುಂದಿನ ವಾರ ಕೇಳಿದೆ,
'ಆ ಕಿಟಕಿ ಎಷ್ಟೊತ್ತಿಗೆ ತಣ್ಣಗಾಗ್ತೈತಿ?'
'ನಾಕರ ಮ್ಯಾಲ್ರಿ. ಆಗ ಅವ್ವ ರೊಟ್ಟಿಗೆ ಏಳ್ತಾಳ.'
'ಅಪ್ಪ ಮಗ್ಗ ಬಿಟ್ಟು ಏಳೋದು?'
'ಚಹಾಕ್ಕ...' ಅಂದವಳು ಅಲ್ಲಿಗೇ ನಿಂತಳು.

ಮೂರನೆಯ ವಾರದ ಚಿತ್ರ ತೆಗ್ಗಿನೊಳಗಿನಿಂದ ತೆಗೆದದ್ದು:
ಅವ್ವನ ಪಾದ, ರಾಟಿ, ಎಲ್ಲೋ ಮೇಲೆ ಕಿಟಕಿ.
'ಅಲ್ಲಾಡೈತಿ,' ಎಂದೆ.
'ಗೊತ್ರಿ,' ಎಂದಳು, ಚಿತ್ರದಿಂದ ಕಣ್ಣು ತೆಗೆಯದೆ.

ನನ್ನ ಸರದಿ.
ಬೇಸಿಗೆಗೆ ಹಿನ್ನೀರು ಇಳಿದು
ಹಳೇ ಊರಿನ ಮೆಟ್ಟಿಲೊಂದು ಎದ್ದಿತ್ತು;
ಅದರ ಮೇಲೆ ಬೆನ್ನು ಮಾಡಿ ಕೂತ ಒಬ್ಬ ಮನುಷ್ಯ.
'ಚಲೋ ಐತ್ರಿ,' ಚನ್ನಬಸು.
'ಚಲೋ,' ಇನ್ನೊಬ್ಬರು.
ಫ್ಯಾನು ತಿರುಗುತ್ತಿತ್ತು.
'ಸರ, ಅಂವ ಯಾರ್ರಿ?'
ಗೊತ್ತಿಲ್ಲ ಎಂದೆ.
'ಮಾತಾಡ್ಸಲಿಲ್ಲೇನ್ರಿ?'
ಇಲ್ಲ.
'ಅದಕ್ಕ ಇಷ್ಟು ದೂರ ನಿಂತೀರಿ.'
ದಾವಲಸಾಬ ಕೈಯಲ್ಲಿದ್ದ ಕತ್ತರಿಯನ್ನು
ಸಪ್ಪಳವಾಗದಂತೆ ಕೆಳಗಿಟ್ಟ.

ಸೋಮವಾರ, ಹಲಗೆಗೆ ಎದೆಯೊತ್ತಿ ನಿಂತ ಮೊದಲಿನವರಿಗೆ
ಉಸಿರು ಹಿಡೀರಿ ಅನ್ನುವ ಮುಂಚೆ ಹೆಸರು ಕೇಳಿದೆ.
ಚೀಟಿಯಲ್ಲಿತ್ತು, ಆದರೂ.
ಮುಗಿದ ಮೇಲೆ ಅವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತ,
'ಚಲೋ ಬಂತೇನ್ರಿ ಫೋಟೊ?'
'ಅಲ್ಲಾಡಿದ್ರಿ ಬಸಲಿಂಗಪ್ಪನವರ,' ಎಂದೆ,
'ಇನ್ನೊಮ್ಮೆ ನಿಲ್ರಿ.'